ಅಜ್ಜಿಯ ಮನೆಯ ಅಳತೆ

ಕಳೆದ ಜೂನ್ ತಿಂಗಳಲ್ಲಿ, ದ್ವಿತೀಯ ಪಿಯುಸಿ ತರಗತಿಗಳು ಶುರುವಾದ ಮೊದಲ ವಾರ, ನಮ್ಮ ತರಗತಿ ಉಪನ್ಯಾಸಕರು ಎಲ್ಲರ ಕೈಗೂ ಒಂದೊಂದು ಹಾಳೆ ಕೊಟ್ಟರು. "ಪಿಯುಸಿ ನಂತರ ಏನು ಓದಬೇಕೆಂದಿದ್ದೀರಿ? ಏಕೆ?" ಎಂದು ಎರಡೇ ಪ್ರಶ್ನೆ. ಅಕ್ಕಪಕ್ಕದವರು ಮೆಡಿಕಲ್, ಕಂಪ್ಯೂಟರ್ ಸೈನ್ಸ್, ನರ್ಸಿಂಗ್, ಬಿ.ಎಸ್ಸಿ. ಎಂದು ಬರೆದರು. ನಾನು ಆರ್ಕಿಟೆಕ್ಚರ್ ಎಂದು ಬರೆದೆ. "ಏಕೆ" ಎಂಬ ಜಾಗವನ್ನು ಖಾಲಿ ಬಿಟ್ಟೆ. ಕಾರಣ ಇರಲಿಲ್ಲವೆಂದಲ್ಲ, ಅದು ನಾಲ್ಕು ಸಾಲಿನಲ್ಲಿ ಹಿಡಿಯುವಂಥದ್ದಾಗಿರಲಿಲ್ಲ.

ಬೆಂಚಿನಲ್ಲಿ ಪಕ್ಕ ಕುಳಿತವಳು ಇಣುಕಿ ನೋಡಿ, "ಅಂದ್ರೆ ಸಿವಿಲ್ಲಾ?" ಎಂದಳು. ಮನೆಯಲ್ಲಿ ಹೇಳಿದಾಗ ಅತ್ತೆ, "ಹುಡುಗಿ ಬಿಸಿಲಲ್ಲಿ ಸೈಟಿನಲ್ಲಿ ನಿಂತ್ಕೊಳ್ಳೋದಾ?" ಎಂದರು. ಅಪ್ಪ ಮಾತ್ರ ಏನೂ ಹೇಳಲಿಲ್ಲ. ಅಪ್ಪ ಮೇಸ್ತ್ರಿ. ಇಪ್ಪತ್ತೈದು ವರ್ಷಗಳಿಂದ ಅಂಕೋಲಾ, ಕಾರವಾರ ಸುತ್ತಮುತ್ತ ಚಿರೆಕಲ್ಲಿನ ಗೋಡೆ ಕಟ್ಟುತ್ತಾ ಬಂದವರು. ಅವರು ಸುಮ್ಮನಿದ್ದ ಕಾರಣ ನನಗೆ ಗೊತ್ತಿತ್ತು. ಆ ಹಾಳೆಯಲ್ಲಿ ಬರೆಯಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮೂಲ ಊರು ಅಂಕೋಲಾ ತಾಲೂಕಿನ ಹಿಲ್ಲೂರು. ಅಪ್ಪನ ಕೆಲಸಕ್ಕಾಗಿ ನಾವು ಪೇಟೆಯಲ್ಲಿದ್ದೇವೆ. ಅಜ್ಜಿ, ಚಿಕ್ಕಪ್ಪನ ಕುಟುಂಬ ಊರಿನಲ್ಲಿದ್ದಾರೆ. ಅಜ್ಜ ಕಟ್ಟಿಸಿದ ಹಳೆಯ ಮನೆ ಅದು. ಮುಂದೆ ಉದ್ದಕ್ಕೆ ಜಗಲಿ, ಒಳಗೆ ನಡುಮನೆ, ಎರಡು ಸಣ್ಣ ಕೋಣೆ, ಮೇಲೆ ಅಟ್ಟ, ಹಂಚಿನ ಮಾಡು. ಬೇಸಿಗೆ ರಜೆಯಲ್ಲಿ ಮಧ್ಯಾಹ್ನ ಫ್ಯಾನ್ ಇಲ್ಲದೆ ಆ ಜಗಲಿಯಲ್ಲಿ ನಿದ್ದೆ ಬರುತ್ತಿತ್ತು. ಮಳೆಗಾಲದಲ್ಲಿ ಅಂಗಳದ ನೀರು ಎಷ್ಟು ಹಾರಿದರೂ ಗೋಡೆ ನೆನೆಯುತ್ತಿರಲಿಲ್ಲ. ಆಗ ನನಗೆ ಅದೆಲ್ಲ ವಿಶೇಷವೆಂದು ಅನಿಸಿರಲಿಲ್ಲ. ಅಜ್ಜಿಯ ಮನೆ ಎಂದರೆ ಹಾಗೆಯೇ ಇರುತ್ತದೆ ಅಂದುಕೊಂಡಿದ್ದೆ.

2019ರ ಆಗಸ್ಟ್‌ನಲ್ಲಿ ಗಂಗಾವಳಿ ಉಕ್ಕಿತು. ಆಗ ನಾನು ಆರನೇ ತರಗತಿ. ಘಟ್ಟದ ಮೇಲೆ ಸುರಿದ ಮಳೆಯೆಲ್ಲ ಒಟ್ಟಾಗಿ ಇಳಿದು, ನದಿ ಮತ್ತು ಹಳ್ಳಗಳ ದಂಡೆಯ ಊರುಗಳಲ್ಲಿ ತೋಟ, ಗದ್ದೆ, ಮನೆ ಯಾವುದೂ ಉಳಿಯಲಿಲ್ಲ. ನಮ್ಮ ಹಿತ್ತಿಲಿಗೂ ನೀರು ಬಂತು. ಹಿಂಬದಿಯ ಅಡುಗೆಮನೆಯಲ್ಲಿ ನಿಂತ ನೀರು ಮರುದಿನವೂ ಇಳಿಯಲಿಲ್ಲ. ಎರಡನೆಯ ದಿನ ಸಂಜೆ ಅಡುಗೆಮನೆಯ ಗೋಡೆ ಒಂದೇ ಸಲಕ್ಕೆ ಕುಸಿಯಿತು. ಆ ಹೊತ್ತಿಗೆ ಅಜ್ಜಿ ಜಗಲಿಯಲ್ಲಿದ್ದಳು. ಅದಕ್ಕೆ ಅರ್ಧ ಗಂಟೆ ಮೊದಲು ಅಕ್ಕಿಯ ಡಬ್ಬ ತರಲೆಂದು ಮೊಣಕಾಲುದ್ದದ ನೀರಿನಲ್ಲಿ ಅದೇ ಗೋಡೆಯ ಬುಡಕ್ಕೆ ಹೋಗಿದ್ದಳು. ಈ ಅರ್ಧ ಗಂಟೆಯ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ನೀರು ಇಳಿದ ಮೇಲೆ ಆ ಜಾಗಕ್ಕೆ ತಗಡಿನ ಮಾಡು, ಮಡಲಿನ ತಟ್ಟಿ ಕಟ್ಟಿಕೊಂಡರು. ಹಾಗೆಯೇ ವರ್ಷಗಳು ಕಳೆದವು.

ಪ್ರಥಮ ಪಿಯುಸಿಯ ಡಿಸೆಂಬರ್‌ನಲ್ಲಿ ಕಾಲೇಜಿನಿಂದ ವಿಜಯಪುರಕ್ಕೆ ಪ್ರವಾಸ ಹೋದೆವು. ಗೋಳಗುಮ್ಮಟದಲ್ಲಿ ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು. ಮೇಲಿನ ಪಡಸಾಲೆಗೆ ಹತ್ತಿ ಒಬ್ಬರ ಹೆಸರನ್ನು ಇನ್ನೊಬ್ಬರು ಕೂಗಿ ಕಿವಿ ಮುಚ್ಚಿಕೊಂಡೆವು. ನಮ್ಮೊಂದಿಗೆ ಬಂದಿದ್ದ ಇತಿಹಾಸದ ಉಪನ್ಯಾಸಕರು ಕೆಳಗಿಳಿದ ಮೇಲೆ ಒಂದು ಪ್ರಶ್ನೆ ಕೇಳಿದರು. "ಕೆಳಗಿನ ಕೋಣೆ ಚೌಕ. ಮೇಲಿನ ಗುಮ್ಮಟ ವೃತ್ತ. ಚೌಕದ ಮೇಲೆ ವೃತ್ತ ಕೂರಿಸಿದ್ದು ಹೇಗೆ?" ಗಣಿತದಲ್ಲಿ ನೂರಕ್ಕೆ ನೂರು ತೆಗೆಯುವವರೂ ಸುಮ್ಮನೆ ನಿಂತರು. ಅವರು ತಲೆಯೆತ್ತಿ ನೋಡಲು ಹೇಳಿದರು. ಎಂಟು ಕಮಾನುಗಳು ಒಂದನ್ನೊಂದು ದಾಟಿ ಹೋಗುತ್ತವೆ. ಅವು ದಾಟುವ ಜಾಗದಲ್ಲಿ ಚೌಕದ ಮೂಲೆಗಳು ಮೆಲ್ಲಗೆ ಒಳಗೆ ಬಾಗಿ, ವೃತ್ತಕ್ಕೆ ಹೆಗಲು ಕೊಡುತ್ತವೆ. ಹೊರಗಿನಿಂದ ಸುಮಾರು 44 ಮೀಟರ್ ಅಗಲವಿರುವ ಗುಮ್ಮಟವನ್ನು, ನಡುವೆ ಒಂದೇ ಒಂದು ಕಂಬವಿಲ್ಲದೆ, 1656ರ ಹೊತ್ತಿಗೆ ಹಾಗೆ ನಿಲ್ಲಿಸಿದ್ದರು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಗೋಳಗುಮ್ಮಟವಲ್ಲ, ಇಬ್ರಾಹಿಂ ರೋಜಾ. ಅದರ ಗೋರಿಯ ಕೋಣೆಯ ಒಳಮಾಡು ಪೂರ್ತಿ ಸಮತಟ್ಟು. ಕಲ್ಲಿನ ಚಪ್ಪಡಿಗಳನ್ನು ಅಂಚಿಗೆ ಅಂಚು ಕೂಡಿಸಿಟ್ಟಂತೆ ಕಾಣುತ್ತದೆ. ಕೆಳಗಿನಿಂದ ನೋಡಿದರೆ ಅದನ್ನು ಏನು ಹೊತ್ತಿದೆ ಎಂದು ತಿಳಿಯುವುದಿಲ್ಲ. ನಾನು ಮೇಸ್ತ್ರಿಯ ಮಗಳು. ಕಲ್ಲು ಕೆಳಗೆ ಬೀಳುವ ವಸ್ತು ಎಂದು ನನಗೆ ಚೆನ್ನಾಗಿ ಗೊತ್ತು. ಅಲ್ಲಿನ ಶಾಸನದಲ್ಲಿ ಮಲಿಕ್ ಸಂದಲ್ ಎಂಬ ಹೆಸರಿದೆ, ಆ ಕಟ್ಟಡವನ್ನು ರೂಪಿಸಿದ ಶ್ರೇಯ ಅವನದೇ ಎನ್ನುತ್ತಾರೆ ಎಂದು ಸರ್ ಹೇಳಿದರು. ಅದೇ ಊರಿನ ತಾಜ್ ಬಾವಡಿಯನ್ನೂ ಅವನೇ ಕಟ್ಟಿಸಿದನೆಂಬ ಮಾತಿದೆ. ರಾಜನಿಗೆ ಗೋರಿ ಕಟ್ಟಿದವನೇ ಊರಿನವರಿಗೆ ನೀರಿನ ಬಾವಿಯನ್ನೂ ಕಟ್ಟಿದನಲ್ಲ ಎಂದು ನನಗೆ ಖುಷಿಯಾಯಿತು.

ಬಸ್ಸಿಗೆ ಹತ್ತುವಾಗ ಸರ್ ಇನ್ನೊಂದು ಮಾತು ಸೇರಿಸಿದರು. "ಈ ಊರಿನಲ್ಲಿ ಅವನ ಹೆಸರಿನದೇ ಒಂದು ಕಾಲೇಜಿದೆ." ಸಿಕ್ಯಾಬ್ ಸಂಸ್ಥೆ ನಡೆಸುವ ಮಲಿಕ್ ಸಂದಲ್ ಕಲೆ ಮತ್ತು ವಾಸ್ತುಶಿಲ್ಪ ಕಾಲೇಜು. ನಮ್ಮ ಕಾಲೇಜಿನಂತೆಯೇ ಅಲ್ಪಸಂಖ್ಯಾತ ಆಡಳಿತದ ಸಂಸ್ಥೆ. ಕಾಲೇಜುಗಳಿಗೆ ದಾನಿಗಳ, ನಾಯಕರ, ಸಂತರ ಹೆಸರಿಡುವುದನ್ನು ನೋಡಿದ್ದೆ. ಕಟ್ಟುವವನ ಹೆಸರಿಟ್ಟ ಕಾಲೇಜನ್ನು ಕೇಳಿದ್ದು ಅದೇ ಮೊದಲು. ಅಪ್ಪ ಕಟ್ಟಿದ ನೂರಾರು ಗೋಡೆಗಳಲ್ಲಿ ಎಲ್ಲಿಯೂ ಅಪ್ಪನ ಹೆಸರಿಲ್ಲ. ಹುಬ್ಬಳ್ಳಿ ದಾಟುವವರೆಗೂ ಅದನ್ನೇ ಯೋಚಿಸುತ್ತಾ ಕುಳಿತೆ.

ಪ್ರವಾಸದಿಂದ ಬಂದ ಮೇಲೆ ಬಿಡುವಿನ ವೇಳೆಯಲ್ಲಿ ಸರ್ ಬಳಿ ಹೋಗಿ, ಈ ವಿದ್ಯೆ ಕಲಿಸುವ ವಿಭಾಗಗಳು ನಮ್ಮಲ್ಲಿ ಶುರುವಾದದ್ದು ಯಾವಾಗ ಎಂದು ಕೇಳಿದೆ. ಒಂದು ದಿನದ ಉತ್ತರವಾಗಲಿಲ್ಲ ಅದು. ಅವರು ಹೇಳಿದ್ದು, ಆಮೇಲೆ ಗ್ರಂಥಾಲಯದಲ್ಲಿ ನಾನು ಓದಿದ್ದು ಎರಡನ್ನೂ ಸೇರಿಸಿ ಇಲ್ಲಿ ಬರೆಯುತ್ತೇನೆ. ನಮ್ಮ ಜಿಲ್ಲೆಯವರಿಗೆ ಈ ಕಥೆ ಬೆಂಗಳೂರಿನಿಂದಲ್ಲ, ಮುಂಬೈಯಿಂದ ಶುರುವಾಗುತ್ತದೆ. ಏಕೆಂದರೆ 1862ರಿಂದ 1956ರವರೆಗೆ ಉತ್ತರ ಕನ್ನಡ ಜಿಲ್ಲೆ ಮುಂಬೈ ಪ್ರಾಂತಕ್ಕೆ ಸೇರಿತ್ತು. ನಮ್ಮ ಅಜ್ಜಂದಿರಿಗೆ ದೊಡ್ಡ ಪೇಟೆ, ದೊಡ್ಡ ಆಸ್ಪತ್ರೆ, ದೊಡ್ಡ ಕಾಲೇಜು ಎಂದರೆ ಮುಂಬೈಯೇ.

ಮುಂಬೈಯಲ್ಲಿ ಜಮ್ಶೆಟ್ಜಿ ಜೀಜೀಭಾಯ್ ಎಂಬ ಪಾರ್ಸಿ ವ್ಯಾಪಾರಿಯ ದಾನದಿಂದ 1857ರಲ್ಲಿ ಒಂದು ಕಲಾಶಾಲೆ ಶುರುವಾಯಿತು. ಅದೇ ಜೆ.ಜೆ. ಸ್ಕೂಲ್ ಆಫ್ ಆರ್ಟ್. 1896ರಲ್ಲಿ ಅಲ್ಲಿ ನಕ್ಷೆ ಬರೆಯುವವರಿಗಾಗಿ ಒಂದು ತರಗತಿ ತೆರೆದರು. ಗಮನಿಸಿ, ಅದು ವಾಸ್ತುಶಿಲ್ಪಿಗಳ ತರಗತಿಯಲ್ಲ. ಕಟ್ಟಡವನ್ನು ಯೋಚಿಸುವವರು ಬ್ರಿಟಿಷರು, ಅವರ ಕಚೇರಿಗಳಲ್ಲಿ ಕುಳಿತು ಗೆರೆ ಎಳೆಯುವವರು ನಮ್ಮವರು. ಅಂಥ ಕೈಗಳನ್ನು ತಯಾರು ಮಾಡುವುದೇ ಆ ತರಗತಿಯ ಉದ್ದೇಶವಾಗಿತ್ತು. 1913ರಲ್ಲಿ ಅದು ಪ್ರತ್ಯೇಕ ವಾಸ್ತುಶಿಲ್ಪ ವಿಭಾಗವಾಯಿತು, ರಾಬರ್ಟ್ ಕೇಬಲ್ ಅದರ ಮೊದಲ ಪ್ರಾಧ್ಯಾಪಕರಾದರು. 1958ರಲ್ಲಿ ಸ್ವತಂತ್ರ ಕಾಲೇಜಾಯಿತು. ನಕಲು ಮಾಡುವ ಕೈಯಿಂದ ಯೋಚಿಸುವ ತಲೆಯವರೆಗೆ ಬರಲು ಅರವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು.

ನಡುವೆ ಬಂದ ಕ್ಲಾಡ್ ಬ್ಯಾಟ್ಲಿ ಎಂಬ ಪ್ರಾಧ್ಯಾಪಕರ ಬಗ್ಗೆ ಓದಿದಾಗ ನನಗೆ ತುಂಬ ಇಷ್ಟವಾಯಿತು. ಅವರು ಇಂಗ್ಲಿಷರಾದರೂ ವಿದ್ಯಾರ್ಥಿಗಳನ್ನು ಹಳೆಯ ಭಾರತೀಯ ಕಟ್ಟಡಗಳ ಬಳಿಗೆ ಕಳಿಸಿ, ಟೇಪು ಹಿಡಿದು ಅಳತೆ ತೆಗೆದು ನಕ್ಷೆ ಬರೆಯಲು ಹೇಳುತ್ತಿದ್ದರು. ಹೊಸದನ್ನು ಕಟ್ಟುವ ಮೊದಲು ಇರುವುದನ್ನು ಅಳೆಯಬೇಕು. ಇಂದಿಗೂ ಅನೇಕ ವಾಸ್ತುಶಿಲ್ಪ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಒಂದಲ್ಲ ಒಂದು ಹಳೆಯ ಊರಿಗೆ ಹೋಗಿ ಈ ಅಳತೆಯ ಕೆಲಸ ಮಾಡುತ್ತಾರೆ.

ಅತ್ತೆಯ ಪ್ರಶ್ನೆಗೂ ಅಲ್ಲೇ ಉತ್ತರ ಸಿಕ್ಕಿತು. ಪೆರಿನ್ ಜಮ್ಶೆಟ್ಜಿ ಮಿಸ್ತ್ರಿ ಎಂಬ ಪಾರ್ಸಿ ಹುಡುಗಿ 1930ರ ದಶಕದಲ್ಲೇ ಜೆ.ಜೆ.ಯಲ್ಲಿ ಓದಿ ಡಿಪ್ಲೊಮಾ ಪಡೆದು, ಭಾರತದ ಮೊದಲ ಮಹಿಳಾ ವಾಸ್ತುಶಿಲ್ಪಿ ಎನಿಸಿಕೊಂಡರು. ಆಗ ನಮ್ಮ ಅಜ್ಜಿ ಹುಟ್ಟಿಯೂ ಇರಲಿಲ್ಲ. ಇದನ್ನು ಹೇಳಿದಾಗ ಅತ್ತೆ, "ಅವಳ ಹೆಸರಲ್ಲೇ ಮಿಸ್ತ್ರಿ ಉಂಟಲ್ಲ" ಎಂದು ನಕ್ಕರು. ನಾನೂ ನಕ್ಕೆ. ನಾನು ಕೂಡ ಮೇಸ್ತ್ರಿಯ ಮನೆಯವಳೇ.

ಅದೇ ಜೆ.ಜೆ.ಗೆ 1947ರಲ್ಲಿ ಸೇರಿದ ಬಾಲಕೃಷ್ಣ ದೋಶಿ ಮುಂದೆ 1962ರಲ್ಲಿ ಅಹಮದಾಬಾದಿನಲ್ಲಿ ಹೊಸ ವಾಸ್ತುಶಿಲ್ಪ ಶಾಲೆಯನ್ನು ಸ್ಥಾಪಿಸಿದರು. ಬೆಂಗಳೂರಿನ ಐಐಎಂ ಕಟ್ಟಡಗಳು ಅವರವೇ. 2018ರಲ್ಲಿ ಅವರಿಗೆ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು. ಭಾರತೀಯರೊಬ್ಬರಿಗೆ ಅದು ಬಂದದ್ದು ಅದೇ ಮೊದಲು. ಆದರೆ ನಾನು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡದ್ದು ಅವರ ಇನ್ನೊಂದು ಕೆಲಸವನ್ನು. ಇಂದೋರಿನ ಅರಣ್ಯ ಎಂಬ ಬಡವರ ಬಡಾವಣೆ. ಅಲ್ಲಿ ಅವರು ಪೂರ್ತಿ ಮನೆ ಕಟ್ಟಿಕೊಡಲಿಲ್ಲ. ಗಟ್ಟಿಯಾದ ಪಂಚಾಂಗ, ಶೌಚಾಲಯ, ನೀರಿನ ವ್ಯವಸ್ಥೆ ಕೊಟ್ಟರು. ಮೇಲಿನದನ್ನು ಆಯಾ ಕುಟುಂಬ ದುಡ್ಡು ಕೂಡಿದಂತೆ ತನಗೆ ಬೇಕಾದ ಹಾಗೆ ಕಟ್ಟಿಕೊಂಡಿತು. ಆ ಬಡಾವಣೆಗೆ 1995ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಸಿಕ್ಕಿತು. ಪಂಚಾಂಗ ಸರಿಯಿದ್ದರೆ ಮಿಕ್ಕದ್ದನ್ನು ಜನ ನೋಡಿಕೊಳ್ಳುತ್ತಾರೆ. ಈ ಮಾತು ನಮ್ಮ ಮನೆಯ ಕಥೆಗೆ ಎಷ್ಟು ಹತ್ತಿರ ಎಂದು ಓದುವಾಗ ನನಗೆ ಗೊತ್ತಿರಲಿಲ್ಲ.

ನಮ್ಮ ಕರಾವಳಿಯಲ್ಲಿ ಮಣಿಪಾಲದ ವಾಸ್ತುಶಿಲ್ಪ ವಿಭಾಗ 1978ರಲ್ಲಿ ಶುರುವಾಯಿತು. ಮೊದಲು ಎಂಜಿನಿಯರಿಂಗ್ ಕಾಲೇಜಿನೊಳಗಿದ್ದ ಅದು ಈಗ ಮಣಿಪಾಲದ ಮಾಹೆ ವಿಶ್ವವಿದ್ಯಾಲಯದ ಪ್ರತ್ಯೇಕ ಶಾಲೆಯಾಗಿದೆ. ಅದೇ ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮವಿದೆ. ಕೆಡವಲು ಸಿದ್ಧವಾಗಿದ್ದ ಹಳೆಯ ಮನೆಗಳನ್ನು ಬಿಚ್ಚಿ, ತಂದು, ಮತ್ತೆ ಜೋಡಿಸಿ ನಿಲ್ಲಿಸಿದ್ದಾರೆ. ಅವುಗಳಲ್ಲಿ ನಮ್ಮ ಜಿಲ್ಲೆಯ ಭಟ್ಕಳದ ನವಾಯತರ ಮನೆಯೂ ಒಂದು. ದೆಹಲಿಯ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ 1920ರಲ್ಲಿ ಹುಟ್ಟಿದ ವಿಶ್ವವಿದ್ಯಾಲಯ. 2001ರಲ್ಲಿ ಅಲ್ಲಿ ಶುರುವಾದ ವಿಭಾಗದ ಹೆಸರು "ವಾಸ್ತುಶಿಲ್ಪ ಮತ್ತು ಎಕಿಸ್ಟಿಕ್ಸ್". ಎಕಿಸ್ಟಿಕ್ಸ್ ಎಂದರೇನು ಎಂದು ಹುಡುಕಿದೆ. ಗ್ರೀಸಿನ ಡಾಕ್ಸಿಯಾಡಿಸ್ ಎಂಬ ವಾಸ್ತುಶಿಲ್ಪಿ ಹುಟ್ಟುಹಾಕಿದ ಪದ. ಮನುಷ್ಯರು ಎಲ್ಲಿ, ಹೇಗೆ ನೆಲೆ ನಿಲ್ಲುತ್ತಾರೆ ಎಂಬುದರ ಶಾಸ್ತ್ರ. ಒಂದು ಕಟ್ಟಡವನ್ನು ಚೆಂದ ಮಾಡುವುದಷ್ಟೇ ಅಲ್ಲ, ಮನೆ, ಬಾವಿ, ದಾರಿ, ನದಿ, ಗುಡ್ಡ ಎಲ್ಲವನ್ನೂ ಒಟ್ಟಿಗೆ ನೋಡುವುದು. ಒಂದು ವಿಭಾಗದ ಗುರಿಯನ್ನು ಅದರ ಹೆಸರಿನಲ್ಲೇ ಬರೆದಿಟ್ಟಂತಿದೆ.

ಇದನ್ನೆಲ್ಲ ಓದುತ್ತಿದ್ದಾಗಲೇ ಸುದ್ದಿ ಬಂತು. ಚಿಕ್ಕಪ್ಪ ಅಜ್ಜಿಯ ಮನೆಯನ್ನು ಪೂರ್ತಿ ಕೆಡವಿ ಸ್ಲ್ಯಾಬಿನ ಮನೆ ಕಟ್ಟಲು ತೀರ್ಮಾನಿಸಿದ್ದರು. ನನಗೆ ಸಿಟ್ಟು ಬಂತು. ಚಿಕ್ಕಪ್ಪ ಶಾಂತವಾಗಿ ಹೇಳಿದರು, "ಪ್ರತಿ ವರ್ಷ ಹಂಚು ಕೈಯಾಡಿಸುವವರು ಸಿಗುವುದಿಲ್ಲ. ಪಕಾಸಿಗೆ ಗೆದ್ದಲು ಹಿಡಿದಿದೆ. ಮಳೆಗಾಲದ ರಾತ್ರಿ ಮಕ್ಕಳನ್ನು ಮಲಗಿಸಿ ಮಾಡು ನೋಡುತ್ತಾ ಕೂರುವವರು ನಾವು. ನೀವು ರಜೆಗೆ ಬರುವವರು." ಅವರ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಹಳೆಯ ಮನೆಯ ಅಂದವನ್ನು ಹೊಗಳುವುದು ಅದರಲ್ಲಿ ವಾಸಿಸದವರಿಗೆ ಸುಲಭ. ಮನೆ ಉಳಿಸಿ ಎನ್ನುವ ಹಕ್ಕು ನನಗಿರಲಿಲ್ಲ. ಆದರೆ ಕೆಡವುವ ಮೊದಲು ಅಳತೆ ತೆಗೆಯಲು ಬಿಡಿ ಎಂದು ಕೇಳಿದೆ. ಚಿಕ್ಕಪ್ಪ ಒಪ್ಪಿದರು. ಟೇಪಿನ ಇನ್ನೊಂದು ತುದಿ ಹಿಡಿಯಲು ಜನ ಬೇಕಿತ್ತು. ಅಪ್ಪ ಬಂದರು.

ಏಪ್ರಿಲ್ ರಜೆಯ ನಾಲ್ಕು ದಿನ ನಾವಿಬ್ಬರೂ ಹಿಲ್ಲೂರಿನಲ್ಲಿ ಅಳೆದೆವು. ಅಪ್ಪ ಅಡಿ, ಅಂಗುಲ ಹೇಳುವುದು, ನಾನು ಚೌಕುಳಿ ಪುಸ್ತಕದಲ್ಲಿ ಬರೆಯುವುದು. ಹಳೆಯ ಗೋಡೆ ಒಂದೂವರೆ ಅಡಿ ದಪ್ಪ. ಮಾಡಿನ ಸೂರು ಗೋಡೆಯಿಂದ ಮೂರು ಅಡಿ ಹೊರಗೆ. ಗೋಡೆ ಮಳೆಗೆ ನೆನೆಯದಿದ್ದ ಗುಟ್ಟು ಆ ಮೂರು ಅಡಿಯಲ್ಲಿತ್ತು. ಜಗಲಿ ತಂಪಾಗಿದ್ದ ಗುಟ್ಟು ಆ ಒಂದೂವರೆ ಅಡಿಯಲ್ಲಿ, ಎತ್ತರದ ಮಾಡಿನಲ್ಲಿ, ಹಂಚಿನ ಸಂದಿಯಿಂದ ಬಿಸಿಗಾಳಿ ಹೊರಗೆ ಹೋಗುವುದರಲ್ಲಿ ಇತ್ತು. ಭೌತಶಾಸ್ತ್ರದಲ್ಲಿ ಉಷ್ಣ ಪ್ರಸರಣವೆಂದು ನಾವು ಬಾಯಿಪಾಠ ಮಾಡಿದ್ದನ್ನು, ಶಾಲೆಗೆ ಹೋಗದ ಅಜ್ಜ ಕಟ್ಟಿಸಿಟ್ಟಿದ್ದರು.

ಮೂರನೆಯ ದಿನ ನೆಲದ ಮಟ್ಟಗಳನ್ನು ಅಳೆಯಬೇಕಿತ್ತು. ಅಪ್ಪ ನೀರಿನ ಕೊಳವೆ ತಂದರು. ಮೇಸ್ತ್ರಿಗಳು ಮಟ್ಟ ನೋಡುವುದು ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ. ಎರಡು ತುದಿಯಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಅಂಗಳದಿಂದ ಹಳೆಯ ಮನೆಯ ನೆಲ 2 ಅಡಿ 9 ಅಂಗುಲ ಎತ್ತರ. ಹಿಂದೆ ಬಿದ್ದುಹೋದ ಅಡುಗೆಮನೆಯ ನೆಲ 1 ಅಡಿ. ಹಳೆಯ ಗೋಡೆಯ ಹೊರಮೈಯಲ್ಲಿ 2019ರ ನೀರಿನ ಕೆಸರುಗೆರೆ ಇನ್ನೂ ಮಾಸಿರಲಿಲ್ಲ. ಅದನ್ನೂ ಅಳೆದೆವು. 2 ಅಡಿ 4 ಅಂಗುಲ.

ನಾನು ಪುಸ್ತಕದಲ್ಲಿ ಮೂರು ಗೆರೆ ಎಳೆದೆ. ಮೇಲೆ ಹಳೆಯ ನೆಲ, ಅದರ ಕೆಳಗೆ ಐದು ಅಂಗುಲಕ್ಕೆ ನೀರು, ತೀರಾ ಕೆಳಗೆ ಅಡುಗೆಮನೆಯ ನೆಲ. ನೀರು ಹಳೆಯ ಮನೆಯೊಳಗೆ ಬಂದಿರಲೇ ಇಲ್ಲ. ಐದು ಅಂಗುಲ ಕೆಳಗೇ ನಿಂತಿತ್ತು. ಅಡುಗೆಮನೆಯಲ್ಲಿ ಮಾತ್ರ ಒಂದಡಿಗಿಂತ ಹೆಚ್ಚು ನಿಂತು, ಮಣ್ಣಿನ ಗಾರೆಯ ಒಂಬತ್ತು ಅಂಗುಲದ ಗೋಡೆಯನ್ನು ಬುಡದಿಂದ ಕರಗಿಸಿತ್ತು. ನಾನು ಏನನ್ನೋ ಕಂಡುಹಿಡಿದವಳಂತೆ ಉತ್ಸಾಹದಿಂದ, "ಅಪ್ಪಾ, ಅಡುಗೆಮನೆ ಯಾರು ಕಟ್ಟಿದ್ದು?" ಎಂದು ಕೇಳಿಬಿಟ್ಟೆ.

ಅಪ್ಪ ಪೈಪಿನ ನೀರು ಚೆಲ್ಲಿ, ಅದನ್ನು ಸುತ್ತಿಡುತ್ತಾ ಬಹಳ ಹೊತ್ತು ಸುಮ್ಮನಿದ್ದರು. "ನಾನು," ಎಂದರು ಕೊನೆಗೆ. "ನೀನು ಹುಟ್ಟಿದ ವರ್ಷ, 2008. ಆಗ ಅಜ್ಜ ಇದ್ದರು. ಪಂಚಾಂಗ ಹಳೆಯ ಮನೆಯ ಸಮಕ್ಕೆ ಎತ್ತು ಅಂದಿದ್ದರು. ಕಲ್ಲು ಜಾಸ್ತಿ ಬೇಕಿತ್ತು, ದುಡ್ಡು ಇರಲಿಲ್ಲ. ಬಾವಿಯಿಂದ ನೀರು ತರುವವರಿಗೆ ಮೆಟ್ಟಿಲು ಕಡಿಮೆ ಆಗ್ತದೆ ಅಂತ ಹೇಳಿ ತಗ್ಗಿಸಿದೆ. ಅಜ್ಜ ಮತ್ತೆ ಹೇಳಿದಾಗ, ನಾನು ಮೇಸ್ತ್ರಿ, ನನಗೆ ಗೊತ್ತು ಅಂದೆ." ಸ್ವಲ್ಪ ತಡೆದು, "ನೀರು ಎಲ್ಲಿಯವರೆಗೆ ಬರ್ತದೆ ಅಂತ ಅವರಿಗೆ ಗೊತ್ತಿತ್ತು. ಎಂತಕ್ಕೆ ಅಷ್ಟು ಎತ್ತರ ಅಂತ ನಾನು ಕೇಳಲೇ ಇಲ್ಲ" ಎಂದರು.

ಆ ಅರ್ಧ ಗಂಟೆಯ ಮಾತು ನಮ್ಮ ಮನೆಯಲ್ಲಿ ಏಕೆ ಬರುತ್ತಿರಲಿಲ್ಲ ಎಂದು ನನಗೆ ಆಗ ಅರ್ಥವಾಯಿತು. ಜಗಲಿಯಲ್ಲಿ ಅಡಿಕೆ ಸುಲಿಯುತ್ತಾ ಕುಳಿತಿದ್ದ ಅಜ್ಜಿಗೆ ಎಲ್ಲ ಕೇಳಿಸಿತ್ತು. ಅವಳು ತಲೆಯೆತ್ತದೆ, "ಮೆಟ್ಟಿಲು ಕಡಿಮೆ ಮಾಡು ಅಂದವಳು ನಾನೇ ಅಲ್ಲವಾ, ಮೊಣಕಾಲು ನೋವು ಅಂತ" ಎಂದಳು. ಅದು ನಿಜವೋ, ಮಗನ ಭಾರ ಇಳಿಸಲು ಹೇಳಿದ್ದೋ ಗೊತ್ತಿಲ್ಲ. ಅಪ್ಪ ಎದ್ದು ಬಾವಿಯ ಕಡೆ ಹೋದರು. ನಾನು ಮತ್ತೇನೂ ಕೇಳಲಿಲ್ಲ.

ಅಂದಿನಿಂದ ಒಂದು ವಿಚಾರ ನನ್ನನ್ನು ಬಿಟ್ಟಿಲ್ಲ. ಅಜ್ಜನಿಗೆ ನೀರು ಗೊತ್ತಿತ್ತು, ಆದರೆ ಅದನ್ನು ಬರೆದಿಡಲು ಬರುತ್ತಿರಲಿಲ್ಲ. ಅಪ್ಪನಿಗೆ ಕಲ್ಲು ಗೊತ್ತು, ಆದರೆ ಕೇಳುವ ತಾಳ್ಮೆ ಆ ವಯಸ್ಸಿನಲ್ಲಿ ಇರಲಿಲ್ಲ. ಪೇಟೆಯಲ್ಲಿ ನಕ್ಷೆ ಬರೆಯುವವರಿಗೆ ಕಂಪ್ಯೂಟರ್ ಗೊತ್ತು, ಆದರೆ ಹಿಲ್ಲೂರಿನ ಮಳೆ ಗೊತ್ತಿಲ್ಲ. ಈ ಮೂರನ್ನೂ ಒಂದೇ ಹಾಳೆಯ ಮೇಲೆ ತರುವವರು ಯಾರು? ನನಗನಿಸುವಂತೆ ಒಂದು ವಾಸ್ತುಶಿಲ್ಪ ವಿಭಾಗದ ನಿಜವಾದ ಗುರಿ ಅದೇ. 1896ರಲ್ಲಿ ಇತರರು ಯೋಚಿಸಿದ್ದನ್ನು ನಕಲು ಮಾಡುವವರನ್ನು ತಯಾರಿಸಲು ತರಗತಿ ಶುರುವಾಯಿತು. ಇಂದು ಇಂಟರ್‌ನೆಟ್ಟಿನಲ್ಲಿ ಕಂಡ ಮನೆಯನ್ನು ಹಾಗೆಯೇ ನಮ್ಮೂರಿನಲ್ಲಿ ಇಳಿಸಿದರೆ ನಾವು ಮತ್ತೆ ಅದೇ 1896ಕ್ಕೆ ಹೋದಂತೆ ಅಲ್ಲವೇ?

ನಮ್ಮ ತಾಲೂಕಿಗೆ ಈ ಪ್ರಶ್ನೆ ಪರೀಕ್ಷೆಯ ಪ್ರಶ್ನೆಯಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಗಂಗಾವಳಿಗೆ ಇಳಿದದ್ದನ್ನು, ನದಿಯ ಆಚೆ ದಡದ ಉಳುವರೆಯ ಮನೆಗಳಿಗೂ ಅದರ ಹೊಡೆತ ಬಿದ್ದದ್ದನ್ನು ನಾವ್ಯಾರೂ ಮರೆತಿಲ್ಲ. ಗುಡ್ಡವನ್ನು ಎಲ್ಲಿ ಕಡಿಯಬಾರದು, ನೀರಿಗೆ ಎಲ್ಲಿ ದಾರಿ ಬಿಡಬೇಕು, ಮನೆಯ ನೆಲ ಎಷ್ಟು ಎತ್ತರ ಇರಬೇಕು ಎನ್ನುವುದು ಇಲ್ಲಿ ಜೀವದ ಪ್ರಶ್ನೆ.

ಇದೇ ದಾರಿಯ ಬಗ್ಗೆ ಯೋಚಿಸುವ ಕಿರಿಯ ಸ್ನೇಹಿತರಿಗಾಗಿ ನಾನು ತಿಳಿದುಕೊಂಡ ನಾಲ್ಕು ಮಾತು. ಬಿ.ಆರ್ಕ್. ಐದು ವರ್ಷದ ಪದವಿ, ಸಿವಿಲ್ ಎಂಜಿನಿಯರಿಂಗ್‌ಗಿಂತ ಬೇರೆ. ಕಟ್ಟಡ ಬೀಳದಂತೆ ಲೆಕ್ಕ ಹಾಕುವುದು ಸಿವಿಲ್‌ನವರ ಮುಖ್ಯ ಕೆಲಸವಾದರೆ, ಅದು ಎಲ್ಲಿ, ಯಾರಿಗಾಗಿ, ಹೇಗೆ ಇರಬೇಕೆಂದು ರೂಪಿಸುವುದು ವಾಸ್ತುಶಿಲ್ಪಿಯ ಕೆಲಸ. ಇಬ್ಬರೂ ಬೇಕು. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಇರಬೇಕು. ಆಮೇಲೆ ನಾಟಾ ಎಂಬ ಪ್ರವೇಶ ಪರೀಕ್ಷೆ. ಅದರಲ್ಲಿ ಒಂದು ಭಾಗ ಕೈಯಿಂದ ಚಿತ್ರ ಬಿಡಿಸುವುದು. ಕರ್ನಾಟಕದಲ್ಲಿ ಪರೀಕ್ಷಾ ಪ್ರಾಧಿಕಾರದ ಮೂಲಕ ಸೀಟು ಪಡೆಯುವವರಿಗೆ ನಾಟಾ ಅಂಕ ಮತ್ತು ಪಿಯುಸಿ ಅಂಕ ಎರಡೂ ಲೆಕ್ಕಕ್ಕೆ ಬರುತ್ತವೆ. ಹಾಗಾಗಿ ಚಿತ್ರ ಚೆನ್ನಾಗಿ ಬರುತ್ತದೆಂದು ಪಾಠ ಬಿಡಬೇಡಿ, ಚಿತ್ರ ಬರುವುದಿಲ್ಲವೆಂದು ಹೆದರಲೂ ಬೇಡಿ. 1972ರ ಕಾಯಿದೆಯ ಪ್ರಕಾರ ವಾಸ್ತುಶಿಲ್ಪ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರು ಮಾತ್ರ ತಮ್ಮನ್ನು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳಬಹುದು. ಸೇರುವ ಕಾಲೇಜಿಗೆ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಖರ್ಚಿನ ಭಯ ನನಗೂ ಇದೆ. ವಿದ್ಯಾರ್ಥಿವೇತನದ ವಿಷಯವನ್ನು ನಮ್ಮ ಕಾಲೇಜು ಕಚೇರಿಯಲ್ಲಿ ನಾಚದೆ ಕೇಳಿ. ನಾನೂ ಕೇಳಿದ್ದೇನೆ.

ನನಗೆ ಸೀಟು ಸಿಗುತ್ತದೆಯೋ ಇಲ್ಲವೋ ಇನ್ನೂ ಗೊತ್ತಿಲ್ಲ. ಪರೀಕ್ಷೆ ಮುಂದಿದೆ. ಅಜ್ಜಿಯ ಮನೆಯನ್ನು ಮಾತ್ರ ದೀಪಾವಳಿ ಕಳೆದ ಮೇಲೆ ಕೆಡವಿದರು. ಆ ದಿನ ನಾನು ಹೋಗಲಿಲ್ಲ, ಕಿರುಪರೀಕ್ಷೆ ಇತ್ತು. ಇರದಿದ್ದರೂ ಹೋಗುತ್ತಿರಲಿಲ್ಲವೇನೋ. ಗೆದ್ದಲು ಹಿಡಿಯದ ಮರವನ್ನು ಬಾಗಿಲು, ಕಿಟಕಿಗಳಿಗೆ ಎತ್ತಿಟ್ಟಿದ್ದಾರೆ.

ಹೊಸ ಮನೆಯನ್ನು ಕಟ್ಟುತ್ತಿರುವವರು ಅಪ್ಪನೇ. ಹೋದ ವಾರ ಪಂಚಾಂಗ ಮುಗಿಯಿತೆಂದು ತಿಳಿದು ನೋಡಲು ಹೋಗಿದ್ದೆ. ಅಪ್ಪನ ಕೈಚೀಲದಲ್ಲಿ ನನ್ನ ಚೌಕುಳಿ ಹಾಳೆಯ ಜೆರಾಕ್ಸ್ ಇತ್ತು. ಸಿಮೆಂಟು ಮೆತ್ತಿ, ಮಡಚಿದ ಕಡೆ ಹರಿದಿತ್ತು. ನೆಲ ಹಿಂದೆ ಮುಂದೆ ಎಲ್ಲ ಕಡೆ ಸಮ. ನಾನು ಟೇಪು ಹಿಡಿದೆ. ಅಂಗಳದಿಂದ 3 ಅಡಿ. ಅಜ್ಜನ ಲೆಕ್ಕಕ್ಕಿಂತ ಮೂರು ಅಂಗುಲ ಜಾಸ್ತಿ. ಚಿಕ್ಕಪ್ಪ ಸ್ಲ್ಯಾಬಿನ ಮೇಲೆ ಹಂಚಿನ ಇಳಿಮಾಡು ಹಾಕಲು, ಸೂರನ್ನು ಮೂರು ಅಡಿ ಹೊರಗೆ ಬಿಡಲು ಒಪ್ಪಿದ್ದಾರೆ. ಅಜ್ಜಿಯ ಮೊಣಕಾಲಿಗಾಗಿ ಮೆಟ್ಟಿಲುಗಳನ್ನು ಗಿಡ್ಡ ಮಾಡಿ, ಸಂಖ್ಯೆ ಹೆಚ್ಚಿಸಿ, ಪಕ್ಕಕ್ಕೊಂದು ಹಿಡಿಕೆ ಇಡುತ್ತಾರಂತೆ. ಅದು ಅಪ್ಪನದೇ ಯೋಚನೆ.

ಸ್ನೇಹಿತರೇ, ನೀವು ಡಾಕ್ಟರಾಗಿ, ಎಂಜಿನಿಯರಾಗಿ, ಶಿಕ್ಷಕರಾಗಿ, ಏನೇ ಆಗಿ. ಈ ಬೇಸಿಗೆ ರಜೆಯಲ್ಲಿ ಒಂದು ಟೇಪು ತೆಗೆದುಕೊಂಡು ನಿಮ್ಮ ಅಜ್ಜಿಯ ಮನೆಯ ಅಳತೆ ತೆಗೆಯಿರಿ. ಟೇಪಿನ ಇನ್ನೊಂದು ತುದಿಯನ್ನು ಮನೆಯ ಹಿರಿಯರ ಕೈಗೆ ಕೊಡಿ, ಅವರು ಹೇಳುವುದನ್ನು ಪಕ್ಕದಲ್ಲೇ ಬರೆದುಕೊಳ್ಳಿ.